ಬಾಗಿಲ ಮೇಲೆ ಕುಣಿದ ಗಾಳೆಪ್ಪ

ಬಹಳ ಹಿಂದೆ ಒಂದೂರಿತ್ತು. ಎಷ್ಟು ಹಿಂದೆ ಅಂತ ಮಾತ್ರ ಕೇಳಬೇಡಿ. ನಾನು ಕೇಳಿದಾಗಲೆಲ್ಲ ಒಬ್ಬೊಬ್ಬರು ಒಂದೊಂದು ಹೇಳಿದ್ದಾರೆ. ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಮುದುಕ, ತನ್ನ ಅಜ್ಜ ಅದನ್ನೆಲ್ಲ ಕಣ್ಣಾರೆ ಕಂಡಿದ್ದ ಅಂದ. ಅವನ ಪಕ್ಕದಲ್ಲಿ ಬೀಡಿ ಸೇದುತ್ತಿದ್ದ ಇನ್ನೊಬ್ಬ, ಇವನಜ್ಜನಿಗೆ ಸಂಜೆಯಾದರೆ ಕಣ್ಣೇ ಕಾಣುತ್ತಿರಲಿಲ್ಲ ಅಂದ. ಹಾಗಾಗಿ ಬಹಳ ಹಿಂದೆ ಅಂತಲೇ ಇಟ್ಟುಕೊಳ್ಳೋಣ.

ಊರಿನ ಹೆಸರು ಕರೇಕಲ್ಲು. ಹಳ್ಳದ ಈಚೆ ದಂಡೆಯಲ್ಲಿ ಕರೇಕಲ್ಲು, ಆಚೆ ದಂಡೆಯಲ್ಲಿ ಮ್ಯಾಗಳಬಂಡಿ. ನಡುವಿನ ನೀರು ಮೊಣಕಾಲುದ್ದ. ಆದರೆ ಎರಡೂರ ನಡುವಿನ ಜಿದ್ದು ಆನೆ ಮುಳುಗುವಷ್ಟು ಆಳ ಅಂತಾರೆ.

ಜಿದ್ದು ಒಂದು ಜೊತೆ ಗೆಜ್ಜೆಗಾಗಿ. ಅಗಲ ತೊಗಲಪಟ್ಟಿಗೆ ಕಂಚಿನ ಗೆಜ್ಜೆಗಳನ್ನು ಒತ್ತೊತ್ತಾಗಿ ಹೊಲಿದದ್ದು. ಯಾರು ಮಾಡಿಸಿದರು, ಎಂದು ಮಾಡಿಸಿದರು, ಅದೂ ಯಾರಿಗೂ ಗೊತ್ತಿಲ್ಲ. ಒಂದು ಹೆಜ್ಜೆ ಊರಿದರೆ ಹಳ್ಳದಾಚೆಯ ಎತ್ತು ಕಿವಿ ನಿಮಿರಿಸುತ್ತಿತ್ತು ಅಂತಾರೆ. ಆ ಗೆಜ್ಜೆ ಎರಡೂರಿಗೂ ಸೇರಿದ್ದು. ಅದಕ್ಕೊಂದು ಕಟ್ಟಳೆ ಇತ್ತು. ಗೆಜ್ಜೆ ಇಟ್ಟುಕೊಂಡ ಊರು ಪ್ರತಿ ಸುಗ್ಗಿ ಮುಗಿದ ಮೇಲೆ ದೊಡ್ಡಾಟ ಆಡಿಸಬೇಕು. ಅರಸರು, ರಾಣಿಯರು, ರಾಕ್ಷಸರು ವೇಷ ಕಟ್ಟಿಕೊಂಡು ದೀಪ ಹಚ್ಚಿದಾಗಿನಿಂದ ಹೊತ್ತು ಹುಟ್ಟುವವರೆಗೆ ಹಾಡಿ ಕುಣಿಯಬೇಕು. ಆಟ ನಿಂತರೆ ಗೆಜ್ಜೆ ಹಳ್ಳ ದಾಟಬೇಕು. ಹೆಜ್ಜೆ ತಪ್ಪಿದರೂ ಗೆಜ್ಜೆ ಹಳ್ಳ ದಾಟಬೇಕು. ಆದ್ದರಿಂದ ಕರೇಕಲ್ಲಿನಲ್ಲಿ ಆಟ ಇದ್ದರೆ ಮ್ಯಾಗಳಬಂಡಿಯವರೆಲ್ಲ ಬಂಡಿ ಕಟ್ಟಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು. ನೋಡುತ್ತಿದ್ದದ್ದು ಆಟವನ್ನಲ್ಲ, ಕಾಲುಗಳನ್ನು.

ಆ ಕಾಲಕ್ಕೆ ಕರೇಕಲ್ಲಿನ ಗೆಜ್ಜೆ ಇದ್ದದ್ದು ಗಾಳೆಪ್ಪನ ಕಾಲಲ್ಲಿ. ಜನ ಕರೆಯುತ್ತಿದ್ದದ್ದು ಗಿರಿಕಿ ಗಾಳೆಪ್ಪ ಅಂತ. ಅವನು ನಿಂತಲ್ಲೇ ಗಿರಿಕಿ ಹೊಡೆಯತೊಡಗಿದರೆ ಮೈ ತಿರುಗುತ್ತಿತ್ತಂತೆ, ಕಿರೀಟ ಮಾತ್ರ ಅಲ್ಲಾಡದೆ ಜನರ ಕಡೆಗೇ ಮುಖ ಮಾಡಿರುತ್ತಿತ್ತಂತೆ. ಅವನ ಗಿರಿಕಿಯ ಗಾಳಿಗೆ ದೀಪ ಆರಿಹೋಗುತ್ತವೆ ಅಂತ ದೀಪದವನು ಮೊದಲೇ ಅಂಗೈ ಅಡ್ಡ ಹಿಡಿಯುತ್ತಿದ್ದನಂತೆ. ಇನ್ನು ಹಾರಿದನೋ, ಅವನು ಕೆಳಗಿಳಿಯುವುದರೊಳಗೆ ಹಾಡುಗಾರ ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಮಡಚಿ ಬಾಯಿಗೆ ಹಾಕಿಕೊಳ್ಳುತ್ತಿದ್ದ ಅಂತಾರೆ. ಅಂತಾರೆ, ನಾನು ನೋಡಿಲ್ಲ.

ಅವನು ಕುಣಿದದ್ದು ಬಾಗಿಲುಗಳ ಮೇಲೆ. ಇದು ಮಾತ್ರ ನಿಜ, ಈಗಲೂ ಹೋಗಿ ನೋಡಬಹುದು. ಕರೇಕಲ್ಲಿನ ಸುತ್ತ ಜಾಲಿ ಬಿಟ್ಟರೆ ಮರವಿಲ್ಲ. ಕುಣಿಯುವ ಅಟ್ಟಕ್ಕೆ ಹಲಗೆ ಎಲ್ಲಿಂದ ತರಬೇಕು? ಆಟದ ದಿನ ಮನೆಮನೆಯ ಬಾಗಿಲು ಕಳಚುತ್ತಿದ್ದರು. ಖಾಲಿ ಕಣದಲ್ಲಿ ಕಂಬ ನೆಟ್ಟು, ಅಡ್ಡತೊಲೆ ಕಟ್ಟಿ, ಮೇಲೆ ಬಾಗಿಲು ಹಾಸಿ ಹಗ್ಗ ಬಿಗಿದರೆ ಅದೇ ಅಟ್ಟ. ಅಂದು ಇಡೀ ಊರಿಗೆ ಬಾಗಿಲಿಲ್ಲ. ಕಳ್ಳರು ಬಂದರೆ ಅಂದಿರಾ? ಕಳ್ಳರೂ ಆಟ ನೋಡಲಿಕ್ಕೇ ಬರುತ್ತಿದ್ದರು ಅಂತಾರೆ. ಅಟ್ಟದ ನಟ್ಟನಡುವೆ ಹಾಸುವ ಬಾಗಿಲು ಮಾತ್ರ ಗೆಜ್ಜೆ ಕಟ್ಟಿದವನ ಮನೆಯದೇ ಆಗಬೇಕು. ಅದು ಅವನಿಗೆ ಊರು ಕೊಡುವ ಮರ್ಯಾದೆ.

ಆ ಮರ್ಯಾದೆಯೇ ಗಾಳೆಪ್ಪನ ಕಾಲು ತಿಂದಿತು.

ಆಗಿದ್ದಿಷ್ಟು. ಗಾಳೆಪ್ಪನಿಗೆ ವರ್ಷವಿಡೀ ಕುಣಿಯುವ ಹುಚ್ಚು. ಮನೆಯ ಬಾಗಿಲನ್ನೇ ಕಳಚಿ ಪಡಸಾಲೆಯಲ್ಲಿ ಹಾಸಿಕೊಂಡು ದಿನಾ ತುಳಿಯುತ್ತಿದ್ದ. ಅವನ ಹೆಂಡತಿ ಹುಲಿಗೆವ್ವ ಹೇಳಿ ಹೇಳಿ ಸೋತಿದ್ದಳು. "ಮಂದಿ ಮನ್ಯಾಗ ಬಾಗಲಾ ಹಾಕ್ಕೊಂಡು ಮಲಗ್ತಾರ. ನಮ್ಮ ಮನ್ಯಾಗ ಬಾಗಲಾನ ಮಲಗೇತಿ," ಅನ್ನುತ್ತಿದ್ದಳು. ಹೀಗೆ ತುಳಿಸಿಕೊಂಡು ತುಳಿಸಿಕೊಂಡು ಆ ಬಾಗಿಲು ಒಳಗೊಳಗೇ ಸೀಳಿತ್ತು. ಮೇಲೆ ಎಣ್ಣೆ ಸವರಿದ ಹಾಗೆ ನುಣ್ಣಗೆ ಹೊಳೆಯುತ್ತಿದ್ದ ಆ ಬಾಗಿಲನ್ನು ಯಾರು ಅನುಮಾನಿಸುತ್ತಾರೆ? ಒಂದು ಸುಗ್ಗಿಯ ಆಟದಲ್ಲಿ, ಇನ್ನೇನು ಮೂಡಲು ಬೆಳ್ಳಗಾಗಬೇಕು ಅನ್ನುವಾಗ, ರಾಕ್ಷಸನ ವೇಷದ ಗಾಳೆಪ್ಪ ಕಡೆಯ ಹಾರು ಹಾರಿದ. ಇಳಿದದ್ದು ನಡು ಬಾಗಿಲ ಮೇಲೆ. ಚಟ್ ಅಂತು. ಎಡಗಾಲು ತೊಡೆಯವರೆಗೆ ಒಳಗೆ ಹೋಯಿತು. ಊರವರ ಬಾಗಿಲೆಲ್ಲ ಗಟ್ಟಿಯಾಗಿದ್ದವು, ಅವನ ಕಾಲು ಹೋದದ್ದು ಅವನ ಮನೆಯ ಬಾಗಿಲಲ್ಲೇ.

ಆದರೂ ಅವನು ಆಟ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಗೆಜ್ಜೆ ಹೋಗುತ್ತಿತ್ತಲ್ಲ. ಒಂದು ಕಾಲು ಬಾಗಿಲೊಳಗೆ ಸಿಕ್ಕಿಕೊಂಡಿದ್ದರೂ ಇನ್ನೊಂದು ಕಾಲು ಮಡಚಿ ಬಡಿಯುತ್ತ, ಗೆಜ್ಜೆ ಗಲಿರೆನ್ನಿಸುತ್ತ, ರಾಕ್ಷಸನ ಮಾತನ್ನೆಲ್ಲ ಒದರುತ್ತ ಹೊತ್ತು ಹುಟ್ಟಿಸಿಯೇ ಬಿಟ್ಟ. ಜನರೆಲ್ಲ ರಾಕ್ಷಸ ಪಾತಾಳಕ್ಕೆ ಇಳಿಯುವ ಹೊಸ ಕಟ್ಟು ಅಂದುಕೊಂಡು ಚಪ್ಪಾಳೆ ತಟ್ಟಿದರು. ಮ್ಯಾಗಳಬಂಡಿಯ ಹಿರಿಯ ಪರ್ವತಗೌಡ ಕೂಡ ಎದ್ದು ನಿಂತು ತಟ್ಟಿದ. ಆಮೇಲೆ ಕಾಲು ಎಳೆದು ತೆಗೆದಾಗ ಎಲುಬು ಮುರಿದದ್ದು ಗೊತ್ತಾಯಿತು.

ಎಲುಬು ಕೂಡಿಸುವವನು ಬಂದ, ಬಿದಿರು ದಬ್ಬೆ ಕಟ್ಟಿದ, ತನಗೆ ತಿಳಿದ ಎಣ್ಣೆಯೆಲ್ಲ ಸುರಿದ. ಎಲುಬು ಕೂಡಿತು. ಆದರೆ ಸೊಟ್ಟ ಕೂಡಿತು. ಊರು ಹೇಳುವ ಹಾಗೆ, ಗಾಳೆಪ್ಪನ ಎಡಗಾಲು ಅಂದಿನಿಂದ ನೆಲಕ್ಕೆ ಬರುವ ಮೊದಲು ಒಂದು ಗಳಿಗೆ ಯೋಚನೆ ಮಾಡಲು ಶುರು ಮಾಡಿತು. ಬಲಗಾಲು ಊರಿದ ಮೇಲೆ ಮೈ ಒಂದು ಸಲ ಕುಸಿಯಬೇಕು, ಎಡಗಾಲು ತೇಲಿ ತಡವಾಗಿ ಬಂದು ಕೂರಬೇಕು. ಅಂಥ ಕಾಲಲ್ಲಿ ಗಿರಿಕಿ ಎಲ್ಲಿ, ಹಾರುವುದೆಲ್ಲಿ.

ಹೊಸ ಬಾಗಿಲಿಗೆ ಮರ ಸಿಗುವವರೆಗೆ ಇರಲಿ ಅಂತ ಹುಲಿಗೆವ್ವ ತೂತಿನ ಬಾಗಿಲನ್ನೇ ನಿಲ್ಲಿಸಿದಳು. ನಿಲ್ಲಿಸಿದಾಗ ಆ ತೂತು ಮೊಣಕಾಲೆತ್ತರಕ್ಕೆ ಬಂತು. ಕೋಳಿಗಳಿಗೆ ಭಾರಿ ಅನುಕೂಲವಾಯಿತು. ಒಳಗೆ ಚಾಪೆಯ ಮೇಲೆ ಬಿದ್ದಿದ್ದ ಗಾಳೆಪ್ಪನ ಕಣ್ಣಿಗೂ ಆ ತೂತು ಸರಿಯಾಗಿ ಎದುರಾಯಿತು. ಹೊರಗೆ ಬೀದಿ. ಮೊಣಕಾಲೆತ್ತರದ ತೂತಿನಲ್ಲಿ ಏನು ಕಾಣುತ್ತದೆ? ಕಾಲುಗಳು. ಬರೇ ಕಾಲುಗಳು.

ಮೊದಮೊದಲು ಬೇಸರಕ್ಕೆ ನೋಡಿದ. ಆಮೇಲೆ ಬಿಡಲಾರದೆ ನೋಡಿದ. ತುಂಬಿದ ಕೊಡ ಹೊತ್ತವಳ ಕಾಲು ನೆಲದ ಮೇಲೆ ಹೇಗೆ ಬೀಳುತ್ತದೆ, ಅದೇ ಹೆಂಗಸು ಖಾಲಿ ಕೊಡ ಹಿಡಿದು ಹೋಗುವಾಗ ಹೇಗೆ. ಅತ್ತೆಯ ಜೊತೆ ಜಗಳವಾಡಿ ಬಂದ ಸೊಸೆಯ ಹಿಮ್ಮಡಿ ಹೇಗೆ ನೆಲ ಗುದ್ದುತ್ತದೆ. ತವರಿಗೆ ಹೊರಟ ಸೊಸೆಯ ಹಿಮ್ಮಡಿ ಹೇಗೆ ನೆಲವನ್ನು ಮುಟ್ಟುವುದೇ ಇಲ್ಲ. ಬರಬರುತ್ತ ಮುಖ ನೋಡದೆ ಹೇಳತೊಡಗಿದ. ಈಗ ಹೋದಾಂವ ಇಂಥವ, ಅವನಿಗೆ ಈಗ ಹಸಿವಾಗಿದೆ, ಈಗ ಬಂದಾಂವ ಇಂಥವ, ಹೇಳಬಾರದ ಒಂದು ಮಾತು ಹೊಟ್ಟೆಯಲ್ಲಿಟ್ಟುಕೊಂಡಿದ್ದಾನೆ. ಹುಲಿಗೆವ್ವ ಹೊರಗಿಣುಕಿ ನೋಡಿದರೆ ಹೌದು ಅನ್ನುವಂತಿರುತ್ತಿತ್ತು. ಆ ಸುದ್ದಿ ಹಬ್ಬಿ, ಕೆಲವರು ಆ ಬೀದಿ ಬಿಟ್ಟು ಹಿಂದಿನ ಸಂದಿಯಿಂದ ಓಡಾಡಲು ಶುರು ಮಾಡಿದರು ಅಂತಾರೆ.

ಆ ಕಾಲುಗಳಲ್ಲಿ ಎರಡು ಜೊತೆ ಅವನಿಗೆ ಬಹಳ ಹಿಡಿಸಿದವು. ಒಂದು ಕುಂಬಾರ ಈರಬಸಪ್ಪನದು. ದಿನವಿಡೀ ಮಣ್ಣು ತುಳಿಯುವ ಆ ಕಾಲು, ಒಣ ಬೀದಿಯಲ್ಲೂ ನೆಲ ತನ್ನನ್ನು ಹಿಡಿದುಕೊಂಡಿದೆ ಅನ್ನುವ ಹಾಗೆ ಮೆಲ್ಲಗೆ ಬಿಡಿಸಿಕೊಂಡು ಏಳುತ್ತಿತ್ತು. ಇನ್ನೊಂದು ಪಿಂಜಾರ ಲಾಲಸಾಬನದು. ಹತ್ತಿ ಬಡಿಯುವವನು. ತನ್ನ ಹತ್ತಿ ಹಾರೀತು ಅನ್ನುವ ಹೆದರಿಕೆಗೋ ಏನೋ, ನೆಲವನ್ನು ಕೇಳಿ ಕೇಳಿ ಹೆಜ್ಜೆ ಇಡುತ್ತಿದ್ದ. ಗಾಳೆಪ್ಪ ಹುಣಸೆಬೀಜ ತರಿಸಿ ನೆಲದ ಮೇಲೆ ಹರವಿಕೊಂಡ. ಇದು ಈರಬಸಪ್ಪ, ಇದು ಲಾಲಸಾಬ, ಇದು ತುಂಬಿದ ಕೊಡ, ಇದು ಖಾಲಿ ಕೊಡ ಅಂತ ಬೀಜಗಳನ್ನು ಆ ಕಡೆ ಈ ಕಡೆ ಸರಿಸುತ್ತ ಕೂತ. ಹುಲಿಗೆವ್ವ ಕಸ ಹೊಡೆಯುವಾಗ ಅವನ ಪಡೆಯನ್ನೆಲ್ಲ ಗುಡಿಸಿ ಹೊರಗೆ ಚೆಲ್ಲುತ್ತಿದ್ದಳು. ಅವನು ಮತ್ತೆ ಜೋಡಿಸುತ್ತಿದ್ದ.

ಅಷ್ಟರಲ್ಲಿ ಮತ್ತೆ ಸುಗ್ಗಿ ಹತ್ತಿರ ಬಂತು. ಊರ ಹಿರಿಯರು ಬಂದು ತೂತಿನ ಬಾಗಿಲು ತಟ್ಟಿದರು. ಗೆಜ್ಜೆ ಗಾಳೆಪ್ಪನ ತಲೆಯ ಮೇಲಿನ ಗೂಟದಲ್ಲೇ ನೇತಾಡುತ್ತಿತ್ತು. ಇನ್ನೊಬ್ಬರ ಕಾಲಿಗೆ ಕಟ್ಟಬೇಕೆಂದರೆ ಅವನೇ ತನ್ನ ಕೈಯಾರೆ ಕೊಡಬೇಕು, ಅದೂ ಕಟ್ಟಳೆ. ಅವನು ಕೊಡುವುದಿಲ್ಲ ಅಂದ. ಹಿರಿಯರು ಬೇಡಿಕೊಂಡರು. ಮ್ಯಾಗಳಬಂಡಿಯವರು ಆಗಲೇ ಗೆಜ್ಜೆ ಒಯ್ಯುವ ಬಂಡಿಯ ಎತ್ತುಗಳಿಗೆ ಹೊದಿಸಲು ಜೂಲು ಹೊಲಿಸುತ್ತಿದ್ದಾರೆ ಅಂದರು. ಪರ್ವತಗೌಡ ಕರುಣೆ ತೋರಿಸಿ, ಗಾಳೆಪ್ಪನನ್ನೂ ಅದೇ ಬಂಡಿಯಲ್ಲಿ ಕೂರಿಸಿಕೊಂಡು ಬನ್ನಿ, ನಮ್ಮೂರ ಆಟಕ್ಕೆ ದೀಪ ಹಿಡಿಯಲಿ ಅಂದಿದ್ದನಂತೆ. ಅದನ್ನೂ ಹೇಳಿದರು. ಗಾಳೆಪ್ಪ ಗೋಡೆಯ ಕಡೆ ಹೊರಳಿಕೊಂಡ.

"ಒಯ್ದರ ಒಯ್ಲಿ. ನನ್ನ ಕಾಲಾಗ ಇಲ್ಲದ ಗೆಜ್ಜಿ ಯಾವೂರಾಗ ಇದ್ರ ನನಗೇನು," ಅಂದ.

ಹಿರಿಯರು ತಲೆ ತಗ್ಗಿಸಿ ಹೋದರು. ಮರುದಿನ ಬೆಳಿಗ್ಗೆ ಹುಲಿಗೆವ್ವ ಗೂಟದಿಂದ ಗೆಜ್ಜೆ ಇಳಿಸಿ ಮನೆಯ ಆಡಿನ ಕೊರಳಿಗೆ ಕಟ್ಟಿದಳು.

ಆಡು ಹೊರಟಿತು. ನಾಲ್ಕು ಹೆಜ್ಜೆ ನಡೆದು ಗಲ್ ಅನ್ನಿಸಿತು, ನಿಂತಿತು, ಎಲೆ ಕಿತ್ತಿತು, ಗಲಗಲ ಅನ್ನಿಸಿತು, ಮೈ ಕೆರೆದುಕೊಂಡಿತು, ಒಮ್ಮೆಲೇ ಓಡಿತು. ಒಳಗಿದ್ದ ಗಾಳೆಪ್ಪ ಕಿವಿ ಮುಚ್ಚಿಕೊಂಡ. ಬೆಳಗು ಸಹಿಸಿದ, ಮಧ್ಯಾಹ್ನ ಸಹಿಸಿದ, ಸಂಜೆಗೆ ತಾಳಲಾರದೆ ಕೋಲು ಊರಿಕೊಂಡು ಹೊರಗೆ ಬಂದ. ಎಲುಬು ಮುರಿದ ಮೇಲೆ ಅವನು ಹೊಸ್ತಿಲು ದಾಟಿದ್ದು ಅದೇ ಮೊದಲು ಅಂತಾರೆ.

"ಬಿಚ್ಚಲೇ ಅದನ್ನ. ತಾಳಿಲ್ಲ ತಂತಿಲ್ಲ, ತಲಿ ಚಿಟ್ಟ ಹಿಡದೋತು."

"ತಾಳಕ್ಕ ಕುಣಿಯೋ ಕಾಲು ಯಾವು ಅದಾವು, ನೀವ ಹೇಳ್ರಿ. ತೂತಿನ್ಯಾಗ ಬರೇ ಅದನ್ನ ನೋಡಿಕೋಂತ ಕುಂತೀರಲ್ಲ," ಅಂದಳು ಹುಲಿಗೆವ್ವ. "ಅಲ್ಲಿಮಟ ನಮ್ಮ ಆಡ ಊರ ಮರ್ಯಾದಿ ಕಾಯ್ತೈತಿ."

ಗಾಳೆಪ್ಪ ಆಡನ್ನು ನೋಡಿದ. ಆಡು ಅವನನ್ನು ನೋಡಿತು. ಅವನಿಗೆ ನಗು ಬಂತು. ಅಂದೇ ಈರಬಸಪ್ಪನನ್ನು ಕರೆಸಿದ.

ಆಮೇಲೆ ಊರಲ್ಲಿ ದೊಡ್ಡ ಗುಲ್ಲಾಯಿತು. ಗಾಳೆಪ್ಪನ ನಂತರ ಗೆಜ್ಜೆ ತಮಗೇ ಅಂತ ಮೀಸೆ ತಿರುವಿಕೊಂಡು ಕಾದಿದ್ದ ಚೆಂದದ ಗಂಡಸರು ಎಷ್ಟೋ ಜನ ಇದ್ದರು. ಎತ್ತರದವರು, ದನಿ ಇದ್ದವರು, ಕಿರೀಟ ಒಪ್ಪುವ ಮುಖದವರು. ಗಾಳೆಪ್ಪ ಅವರ ಮುಖ ನೋಡಲೇ ಇಲ್ಲ. ಎಲ್ಲರನ್ನೂ ಬಾಗಿಲ ಮುಂದೆ ನಡೆಸಿ, ತಾನು ಒಳಗೆ ಕೂತು ತೂತಿನಲ್ಲಿ ನೋಡಿ ಆರಿಸಿದ. ಒಳಗಿನಿಂದಲೇ ಒಬ್ಬನಿಗೆ, ನಿನ್ನ ಕಾಲು ಸುಳ್ಳು ಹೇಳ್ತಾವ, ನಡಿ ಅಂದನಂತೆ. ಗೆಜ್ಜೆ ಸಿಕ್ಕಿದ್ದು ಕುಂಬಾರ ಈರಬಸಪ್ಪನಿಗೆ. ಅವನೋ ಎರಡು ಹೆಜ್ಜೆ ಹಿಂದೆ ಸರಿದ.

"ಯಣ್ಣಾ, ನಾ ಕೆಸರು ತುಳಿಯಾಂವ. ಅಟ್ಟ ಹೆಂಗ ತುಳೀಲಿ?"

"ನೀ ತುಳದ ಕೆಸರು ಗಡಗಿ ಆಗ್ತೈತಿ. ನಾ ತುಳದ ಬಾಗಲಾ ಏನಾತು ನೋಡೀದಿಲ್ಲ," ಅಂದ ಗಾಳೆಪ್ಪ.

ಊರ ಕಣದಲ್ಲಿ ಸುತ್ತ ಚಾಪೆಯ ಮರೆ ಕಟ್ಟಿ ತಾಲೀಮು ಶುರುವಾಯಿತು. ಅಲ್ಲಿಯವರೆಗೆ ದೊಡ್ಡಾಟದಲ್ಲಿ ಒಬ್ಬ ಕುಣಿದರೆ ಉಳಿದವರು ಕಂಬದ ಹಾಗೆ ನಿಲ್ಲುತ್ತಿದ್ದರಂತೆ. ಗಾಳೆಪ್ಪ ಹುಣಸೆಬೀಜದಲ್ಲಿ ನೋಡಿದ್ದನ್ನೆಲ್ಲ ಮನುಷ್ಯರಲ್ಲಿ ಮಾಡಿಸಿದ. ಸಾಲು ಕಟ್ಟಿಸಿದ, ಸಾಲು ಬಿಚ್ಚಿಸಿದ, ಒಬ್ಬ ಕೂತಾಗ ಇನ್ನೊಬ್ಬ ಏಳುವಂತೆ ಮಾಡಿದ. ರಾಣಿಯ ಪಾತ್ರದ ಲಾಲಸಾಬನಿಗೆ ತುಂಬಿದ ಕೊಡದ ನಡಿಗೆ ಕೊಟ್ಟ. ಅರಸನ ಮೇಲೆ ಸಿಟ್ಟಾದಾಗ ಜಗಳವಾಡಿದ ಸೊಸೆಯ ಹಿಮ್ಮಡಿ ಕೊಟ್ಟ.

ಇಲ್ಲೇ ಆ ತಪ್ಪು ಆದದ್ದು. ಗಾಳೆಪ್ಪನಿಗೆ ಕಲಿಸಿದ್ದ ಹಳೆಯ ಮಾಸ್ತರ ಕಳಕಪ್ಪ ಕರೇಕಲ್ಲಿನ ತಾಲೀಮಿಗೆ ಒಂದು ಪದ್ಧತಿ ಹಾಕಿ ಸತ್ತಿದ್ದ. ಮಾಸ್ತರ ಮುಂದೆ ನಿಲ್ಲಬೇಕು, ಕಲಿಯುವವರು ಅವನ ಬೆನ್ನ ಹಿಂದೆ ನಿಲ್ಲಬೇಕು. ಎದುರುಬದುರು ನಿಂತರೆ ಎಡ ಬಲ ಅದಲು ಬದಲಾಗುತ್ತದೆ ಅಂತ. ಮತ್ತೆ, ಮಾಸ್ತರ ಬಾಯಲ್ಲಿ ಏನು ಹೇಳಿದರೂ ಕಿವಿಗೆ ಹಾಕಿಕೊಳ್ಳಬಾರದು, ಕಾಲು ಏನು ಮಾಡುತ್ತದೋ ಅಷ್ಟನ್ನೇ ಮಾಡಬೇಕು. ಕರೇಕಲ್ಲಿನವರಿಗೆ ಇದು ದೇವರ ಮಾತು. ಹೀಗಾಗಿ ಗಾಳೆಪ್ಪ ಮುಂದೆ ನಿಂತು ಕೋಲು ಬಿಸುಟು ಹೆಜ್ಜೆ ತೋರಿಸಿದ. ಬಲಗಾಲು ಊರಿದ, ಕುಸಿದ, ಎಡಗಾಲು ತೇಲಿಸಿ ತಡವಾಗಿ ಇಟ್ಟ. ಹಿಂದೆ ನಿಂತ ಅಷ್ಟೂ ಜನ ಬಲಗಾಲು ಊರಿದರು, ಕುಸಿದರು, ಎಡಗಾಲು ತೇಲಿಸಿ ತಡವಾಗಿ ಇಟ್ಟರು.

ಅವನು ತಿರುಗಿ ನೋಡಲಿಲ್ಲ. ಅವನ ಮನಸ್ಸಿನಲ್ಲಿ ಕುಣಿಯುತ್ತಿದ್ದದ್ದು ಹಳೆಯ ಕಾಲು, ಸೊಟ್ಟ ಕೂಡುವ ಮೊದಲಿನ ಕಾಲು. ಹಿಂದಿನವರೂ ಅದನ್ನೇ ಕುಣಿಯುತ್ತಿದ್ದಾರೆ ಅಂದುಕೊಂಡ. ಮದ್ದಳೆಯ ದುರುಗಪ್ಪನಿಗೆ ಮೊದಲ ದಿನ ಕೈ ತಡವರಿಸಿತು. ಇದೇನ್ರೋ ಇದು ಅಂತ ಕೇಳಿದ್ದಕ್ಕೆ ಈರಬಸಪ್ಪ ಹೆಮ್ಮೆಯಿಂದ, ಹೊಸ ಹೆಜ್ಜೆ, ಮಾಸ್ತರ ಕೋಣೆಯಲ್ಲಿ ಬಿದ್ದುಕೊಂಡು ಕಟ್ಟಿದ್ದು ಅಂದ. ದುರುಗಪ್ಪ ಹೌದೇನೋ ಅಂತ ಮದ್ದಳೆಯಲ್ಲೂ ಒಂದು ತೇಲು ಪೆಟ್ಟು ಸೇರಿಸಿದ. ದಿನಾ ರೊಟ್ಟಿ ಗಂಟು ತರುತ್ತಿದ್ದ ಹುಲಿಗೆವ್ವ ಚಾಪೆಯ ಸಂದಿಯಲ್ಲಿ ಇಣುಕಿ, ಎಲ್ಲ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ಮನೆಗೆ ಹೋಗುತ್ತಿದ್ದಳು. ಅವಳೂ ಹೇಳಲಿಲ್ಲ.

ಆಟದ ದಿನ ಬಂತು. ಬಾಗಿಲುಗಳು ಬಂದವು. ನಡುವೆ ಈರಬಸಪ್ಪನ ಮನೆಯ ಬಾಗಿಲು ಹಾಸಿದರು, ಈ ಸಲ ನಾಲ್ಕು ಜನ ಹತ್ತಿ ಕುಣಿದು ನೋಡಿ ಹಾಸಿದರು. ಮ್ಯಾಗಳಬಂಡಿಯವರು ಜೂಲು ಹೊದಿಸಿದ ಎತ್ತು, ತೋರಣ ಕಟ್ಟಿದ ಖಾಲಿ ಬಂಡಿ, ಬಾರಿಸುವ ಹಲಗೆ, ಡೊಳ್ಳು ಎಲ್ಲ ತಗೊಂಡು ಬಂದು ಮುಂದೆ ಕೂತರು. ನಡುವೆ ಪರ್ವತಗೌಡ. ಗಾಳೆಪ್ಪನೂ ಕೆಳಗೆ ಜನರ ನಡುವೆ ಕೂತ. ಹೆಜ್ಜೆ ಹಾಕಲು ಬಂದಂದಿನಿಂದ ಅಟ್ಟದ ಮೇಲೇ ಇದ್ದವನು, ಆಟವನ್ನು ಕೆಳಗೆ ಕೂತು ನೋಡಿದ್ದು ಅವನ ಜನ್ಮದಲ್ಲಿ ಅದೇ ಮೊದಲು.

ದೀಪ ಹಚ್ಚಿದರು. ಮದ್ದಳೆ ಎದ್ದಿತು. ಪರದೆ ಸರಿಯಿತು. ಸಾಲಾಗಿ ವೇಷಗಳು ಬಂದವು. ಬಲಗಾಲು ಊರಿದವು, ಕುಸಿದವು, ಎಡಗಾಲು ತೇಲಿಸಿ ತಡವಾಗಿ ಇಟ್ಟವು. ಅರಸ ಕುಂಟಿದ. ಮಂತ್ರಿ ಕುಂಟಿದ. ರಾಣಿ ಕೊಡದ ನಡಿಗೆಯಲ್ಲೇ ಕುಂಟಿದಳು. ಎಲ್ಲರ ಮುಂದೆ ರಾಕ್ಷಸ ಈರಬಸಪ್ಪ ಊರ ಗೆಜ್ಜೆ ಗಲಿರೆನ್ನಿಸುತ್ತ ಕುಂಟಿದ.

ಆಮೇಲೆ ಮ್ಯಾಗಳಬಂಡಿಯ ಕಡೆಯಿಂದ ಒಂದು ನಗು ಎದ್ದಿತು. ಒಂದು ಹತ್ತಾಯಿತು. ಯಾರೋ ಒಬ್ಬ ಕೂಗಿದ. "ಏ, ಊರಿಗೂರ ಬಾಗಲ್ದಾಗ ಬಿದ್ದೈತಲೇ."

ಗಾಳೆಪ್ಪನ ಮುಖ ಸುಟ್ಟುಕೊಂಡ ಹಾಗಾಯಿತು. ತನ್ನನ್ನು ಅಣಕಿಸುತ್ತಿದ್ದಾರೆ ಅಂದುಕೊಂಡ. ತಾನೇ ಆರಿಸಿದ ಕುಂಬಾರ, ತಾನೇ ಆರಿಸಿದ ಪಿಂಜಾರ, ಊರಿಗೆ ಊರೇ ಸೇರಿ ತನ್ನ ಸೊಟ್ಟ ಕಾಲನ್ನು ಆಡಿ ತೋರಿಸುತ್ತಿದೆ ಅಂದುಕೊಂಡ. ಕೋಲಿಗೆ ಕೈ ಹಾಕಿ ಏಳಹೋದ. ಹುಲಿಗೆವ್ವ ಅವನ ಅಂಗಿಯ ಚುಂಗು ಹಿಡಿದು ಜಗ್ಗಿದಳು.

"ಕುಂದರ್ರಿ. ಯಾರೂ ಅಣಗಸಾಕತ್ತಿಲ್ಲ. ನೀವು ಕುಣದಂಗ ಕುಣಿಯಾಕತ್ತಾರ, ಅಷ್ಟ. ತಾಲೀಮಿನ್ಯಾಗ ಒಂದಿನಾರ ಹಿಂದ ಹೊಳ್ಳಿ ನೋಡೀರೇನು? ಈಗರ ನೋಡ್ರಿ."

ಅವನು ಕೂತ. ನೋಡಿದ.

ಏನು ನೋಡಿದ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಗಾಳಿ ಬೀಸಿದಾಗ ಜೋಳದ ಹೊಲ ಒಂದು ಕಡೆಯಿಂದ ತಗ್ಗಿ ಇನ್ನೊಂದು ಕಡೆ ಏಳುತ್ತದಲ್ಲ, ಹಾಗೆ ಕಂಡಿತು ಅಂತಾರೆ ಹೊಲದವರು. ತೊಟ್ಟಿಲು ತೂಗಿದ ಹಾಗೆ ಅಂತಾರೆ ಹೆಂಗಸರು. ಅಷ್ಟೂ ಕಿರೀಟ ಒಮ್ಮೆಲೇ ಕುಸಿಯುತ್ತಿದ್ದವು. ಅಷ್ಟೂ ಎಡಗಾಲು ಒಂದು ಗಳಿಗೆ ಗಾಳಿಯಲ್ಲಿ ನಿಲ್ಲುತ್ತಿದ್ದವು. ಆ ಒಂದು ಗಳಿಗೆಯಲ್ಲಿ ಮದ್ದಳೆ ಉಸಿರು ಹಿಡಿಯುತ್ತಿತ್ತು, ನೋಡುವವರೂ ಹಿಡಿಯುತ್ತಿದ್ದರು. ಆಮೇಲೆ ಎಲ್ಲ ಕಾಲೂ ಒಟ್ಟಿಗೆ ಬಾಗಿಲುಗಳ ಮೇಲೆ ಬಿದ್ದು ಧಿಮ್ ಅನ್ನುತ್ತಿತ್ತು. ಒಬ್ಬನೇ ಎಷ್ಟು ಎತ್ತರ ಹಾರಿದರೂ ಬಾರದ ಆ ಧಿಮ್ ಕೇಳಿ ಗಾಳೆಪ್ಪನ ಮೈ ಜುಮ್ಮೆಂದಿತು.

ಅಷ್ಟರಲ್ಲಿ ಪರ್ವತಗೌಡ ಎದ್ದು ನಿಂತು ಕೈ ಎತ್ತಿದ. ಮದ್ದಳೆ ಮೆಲ್ಲಗಾಯಿತು. ಮೇಲಿನವರು ನಿಲ್ಲಲೂ ಆಗದೆ ಬಿಡಲೂ ಆಗದೆ ನಿಂತಲ್ಲೇ ತೂಗುತ್ತ ಉಳಿದರು. ಗೌಡ ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಹೆಜ್ಜೆ ತಪ್ಪಿದರೆ ಗೆಜ್ಜೆ ಹಳ್ಳ ದಾಟಬೇಕು, ಹಿರಿಯರು ಮಾಡಿದ ಕಟ್ಟಳೆ. ಇದು ತಪ್ಪಲ್ಲದೆ ಇನ್ನೇನು? ಬೇರೆ ಯಾರನ್ನೂ ಕೇಳುವುದು ಬೇಡ, ಇಷ್ಟು ವರ್ಷ ಆ ಗೆಜ್ಜೆ ಕಟ್ಟಿ ಕುಣಿದವನೇ ಇಲ್ಲಿದ್ದಾನೆ, ಅವನೇ ಹೇಳಲಿ ಅಂದ.

"ಹೇಳಪಾ ಗಾಳೆಪ್ಪ. ನೀನು ಇದನ್ನ ಹಿಂಗ ಕುಣೀತಿದ್ದಿ ಏನು?"

ಎರಡೂ ಊರು ಅವನ ಬಾಯಿ ನೋಡಿದವು. ಆಗ ಅಟ್ಟದ ಮೇಲಿದ್ದ ಈರಬಸಪ್ಪನಿಗೆ ತಿಳಿಯಿತು, ತಾನು ಕಲಿತದ್ದು ಹೆಜ್ಜೆಯಲ್ಲ, ಮಾಸ್ತರನ ನೋವು ಅಂತ. ಗಾಳೆಪ್ಪ ತಪ್ಪು ಅಂದರೆ ಗೆಜ್ಜೆ ಹೋಗುತ್ತದೆ. ತಪ್ಪಲ್ಲ ಅಂದರೆ, ತನ್ನ ಸೊಟ್ಟ ಕಾಲೇ ಇನ್ನು ಮೇಲೆ ತನ್ನ ಕುಣಿತ ಅಂತ ಎರಡೂರ ಮುಂದೆ ತಾನೇ ಒಪ್ಪಿಕೊಂಡ ಹಾಗೆ. ಗಿರಿಕಿ ಮುಗಿಯಿತು, ಹಾರುವುದು ಮುಗಿಯಿತು ಅಂತ ಬಾಯಿಬಿಟ್ಟು ಹೇಳಿದ ಹಾಗೆ.

ಗಾಳೆಪ್ಪ ಎದ್ದ. ಕೋಲನ್ನು ಹೆಂಡತಿಯ ಕೈಗೆ ಕೊಟ್ಟ. ಜನರ ನಡುವಿನಿಂದ ಅಟ್ಟದವರೆಗೆ ನಡೆದ. ಬಲಗಾಲು ಊರಿದ, ಕುಸಿದ, ಎಡಗಾಲು ತೇಲಿಸಿ ತಡವಾಗಿ ಇಟ್ಟ. ಮದ್ದಳೆಯ ದುರುಗಪ್ಪ ಅವನ ಕಾಲನ್ನೇ ನೋಡುತ್ತಿದ್ದ. ಅವನ ಕೈ ತಾನಾಗಿ ಬಾರಿಸಿತು. ಗಾಳೆಪ್ಪನ ಒಂದೊಂದು ಹೆಜ್ಜೆಗೂ ಒಂದೊಂದು ಪೆಟ್ಟು, ತೇಲಿದಾಗ ತೇಲು ಪೆಟ್ಟು. ಮೇಲಿದ್ದವರ ಕಾಲೂ ಅದಕ್ಕೆ ಕೂಡಿದವು. ಕೆಳಗೆ ನಡೆಯುವವನಿಗೂ ಮೇಲೆ ಕುಣಿಯುವವರಿಗೂ ಕೂದಲೆಳೆಯ ವ್ಯತ್ಯಾಸ ಇರಲಿಲ್ಲ ಅಂತಾರೆ. ಅಟ್ಟ ತಲುಪಿ ಗಾಳೆಪ್ಪ ತಿರುಗಿ ನಿಂತ.

"ಮೊದಲ ಹಿಂಗ ಕುಣೀತಿರಲಿಲ್ಲ ಗೌಡ್ರ. ಈಗ ಹಿಂಗ. ಇದ ಹೆಜ್ಜಿ. ನಾನ ಕಲಿಸೀನಿ, ಒಬ್ಬಾಂವ ಸೈತ ತಪ್ಪಿಲ್ಲ. ತಪ್ಪ್ಯಾರ ಅನ್ನೋದಾದ್ರ ನೀವ ಮ್ಯಾಲ ಬಂದು ಅವರ ಸರಿ ನಿಂತು ಒಂದು ಸುತ್ತು ಹಾಕಿ ತೋರಸ್ರಿ."

ಗೌಡ ಒಳ್ಳೆಯ ಆಟ ಬಲ್ಲವನೇ. ಸೊಕ್ಕಿನಿಂದ ಪಂಚೆ ಎತ್ತಿ ಕಟ್ಟಿ ಅಟ್ಟ ಹತ್ತಿದ. ಬಲಗಾಲು ಊರಿದ, ಕುಸಿದ, ಎಡಗಾಲು ಎಲ್ಲರಿಗಿಂತ ಮೊದಲೇ ಇಟ್ಟ. ಜನ ಹೋ ಅಂತು. ಇನ್ನೊಮ್ಮೆ ಹಾಕಿದ, ಈ ಸಲ ಎಡಗಾಲು ಗಾಳಿಯಲ್ಲೇ ಉಳಿದು ಪಕ್ಕದ ಮಂತ್ರಿಯ ಮೇಲೆ ಹೋಗಿ ಬಿದ್ದ. ಮ್ಯಾಗಳಬಂಡಿಯವರೇ ಹೊಟ್ಟೆ ಹಿಡಿದು ನಕ್ಕರು. ಕಡೆಗೆ ಗೌಡನೂ ನಕ್ಕ. ಲಾಲಸಾಬ ರಾಣಿಯ ವೇಷದಲ್ಲೇ ಅವನ ಕೈ ಹಿಡಿದು ಎಬ್ಬಿಸಿ, "ನೆಲಾನ ಕೇಳಿ ಇಡ್ರಿ ಮಾವಾರ, ಬಿಡತೈತಿ," ಅಂದನಂತೆ.

ಆಮೇಲೆ ಆಟ ನಡೆದದ್ದು ನಡೆದದ್ದೇ. ಹೊತ್ತು ಹುಟ್ಟಿ, ಬಿಸಿಲು ಕಣದೊಳಗೆ ಬಂದು ಕಿರೀಟಗಳ ಮೇಲೆ ಕೂತರೂ ಜನ ಏಳಲೊಲ್ಲರು. ಮ್ಯಾಗಳಬಂಡಿಯವರು ಖಾಲಿ ಬಂಡಿ ಹೊಡೆದುಕೊಂಡು ಹೋದರು. ಹಳ್ಳದ ದಾರಿಯಲ್ಲಿ ಅವರೆಲ್ಲ ಸಾಲಾಗಿ ಕುಸಿದು ಎದ್ದು, ಕುಸಿದು ಎದ್ದು ಹೋಗುವುದನ್ನು ಬಯಲಿಗೆ ಹೊರಟವರು ನೋಡಿದರು. ಎಷ್ಟು ಪ್ರಯತ್ನ ಮಾಡಿದರೂ ಕಾಲಿಗೆ ಹತ್ತಿದ ಹೆಜ್ಜೆ ಬಿಡಲಿಲ್ಲವಂತೆ. ಜೂಲು ಹೊತ್ತ ಎತ್ತುಗಳೂ ಹಾಗೇ ನಡೆದವು ಅಂತಾರೆ. ಇದನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಎತ್ತಿನ ಸುದ್ದಿಗೆ ನಾನು ಜಾಮೀನು ನಿಲ್ಲಲಾರೆ.

ಗಾಳೆಪ್ಪ ಮತ್ತೆ ಗೆಜ್ಜೆ ಕಟ್ಟಲಿಲ್ಲ. ಊರೂರು ಅಲೆದ. ಎಲ್ಲಿ ದೊಡ್ಡಾಟ ಕಟ್ಟುತ್ತಾರೋ ಅಲ್ಲಿಂದ ಅವನಿಗೆ ಕರೆ ಬರುತ್ತಿತ್ತು. ಮಾಸ್ತರನಾಗಿ ಹೋದವನು ಹೋದ ಕೂಡಲೇ ಕಲಿಸುತ್ತಿರಲಿಲ್ಲ. ಯಾವುದಾದರೂ ಓಣಿಯಲ್ಲಿ ಗೋಡೆಗೊರಗಿ ಕೂತು ಆ ಊರಿನ ಕಾಲು ನೋಡುತ್ತಿದ್ದ. ಹೊಳೆ ದಂಡೆಯ ಊರಿಗೆ ಒಂದು ಕುಣಿತ ಕಟ್ಟಿದ, ಗುಡ್ಡದ ಊರಿಗೆ ಇನ್ನೊಂದು. ನೇಕಾರರ ಊರಿಗೆ ಮಗ್ಗದ ಕುಳಿಯಲ್ಲಿ ಆಡುವ ಕಾಲಿನದೇ ಒಂದು. ಕಡೆಗೊಂದು ದಿನ ಹಳ್ಳ ದಾಟಿ ಮ್ಯಾಗಳಬಂಡಿಗೂ ಹೋದ. ಕರೇಕಲ್ಲಿನವರು ಬೈದರು. ಜಿದ್ದಿಗೆ ಎರಡೂ ಕಡೆ ಕುಣಿಯುವವರು ಬೇಕಲ್ಲ, ಒಂದೇ ಕಡೆ ಇದ್ದರೆ ಏನು ಸೊಗಸು ಅಂತ ಅವನು ಕೇಳಿದನಂತೆ. ಪರ್ವತಗೌಡ ಅವನ ಬೆನ್ನ ಹಿಂದೆ ಎಲ್ಲರ ಜೊತೆ ನಿಂತು ಎಡಗಾಲು ತೇಲಿಸುವುದನ್ನು ಕಲಿತ. ಆದರೆ ಗಾಳೆಪ್ಪ ಈಗ ಹೆಜ್ಜೆಗೊಮ್ಮೆ ತಿರುಗಿ ನೋಡುತ್ತಿದ್ದ.

ಅವನು ಹೋಗಿ ಎಷ್ಟು ಕಾಲವಾಯಿತೋ. ಕರೇಕಲ್ಲಿನಲ್ಲಿ ಈಗಲೂ ಆಟದ ದಿನ ಬಾಗಿಲು ಕಳಚುತ್ತಾರೆ. ಈಗ ತಗಡಿನ ಬ್ಯಾರಲ್ಲಿನ ಮೇಲೆ ಹಾಸುತ್ತಾರೆ, ಕಂಬಕ್ಕೆ ಟ್ಯೂಬ್‌ಲೈಟು ಕಟ್ಟುತ್ತಾರೆ, ಅಷ್ಟೇ ಬೇರೆ. ಗಾಳೆಪ್ಪನ ತೂತಿನ ಬಾಗಿಲಿಗೆ ಹೊಸ ಮರ ಇವತ್ತಿಗೂ ಸಿಕ್ಕಿಲ್ಲ. ಅದನ್ನು ತಾಲೀಮಿನ ಜಾಗದಲ್ಲಿ ನಿಲ್ಲಿಸಿದ್ದಾರೆ. ಹೊಸದಾಗಿ ಗೆಜ್ಜೆ ಕಟ್ಟುವವನು ಮೊದಲು ಅದರ ಹಿಂದೆ ಕೂತು ಊರವರ ಕಾಲು ನೋಡಬೇಕು. ಎಷ್ಟು ದೊಡ್ಡ ಪಾತ್ರದವನಾದರೂ ತಾಲೀಮಿನಲ್ಲಿ ಒಂದು ದಿನ ಕೆಳಗೆ ನೆಲದ ಮೇಲೆ ಕೂತು ಉಳಿದವರು ಕುಣಿಯುವುದನ್ನು ನೋಡಬೇಕು. ಆಟದ ದಿನ ಮೊದಲ ಹೆಜ್ಜೆ ಇವತ್ತಿಗೂ ಹಾಗೇ. ಬಲಗಾಲು ಊರಿ, ಕುಸಿದು, ಎಡಗಾಲು ತೇಲಿಸಿ ತಡವಾಗಿ ಇಡುವುದು. ಯಾಕೆ ಹೀಗೆ ಅಂತ ಒಬ್ಬ ತರುಣನನ್ನು ಕೇಳಿದೆ. ಅವನು ನನ್ನ ಕಾಲು ನೋಡಿದ, ಆಮೇಲೆ ಮುಖ ನೋಡಿದ. "ಹೆಜ್ಜಿನ ಹಂಗೈತ್ರಿ, ಮತ್ತ ಹೆಂಗ ಇಡ್ತಾರ?" ಅಂದ.

ಆದರೆ ಗಾಳೆಪ್ಪನನ್ನು ನಾನು ನೋಡಿದ್ದು ಆಟದಲ್ಲಲ್ಲ. ಆ ಊರಿನ ಒಂದು ಪಡಸಾಲೆಯಲ್ಲಿ. ಗೋಡೆ ಹಿಡಿದು ನಿಂತಿದ್ದ ಒಂದು ಕೂಸು ಗೋಡೆ ಬಿಟ್ಟಿತು. ಒಂದು ಕಾಲು ಇಟ್ಟಿತು, ಕುಸಿಯಿತು, ಇನ್ನೊಂದು ಕಾಲನ್ನು ಎಲ್ಲಿಡಲಿ ಅಂತ ಗಾಳಿಯಲ್ಲಿ ಹಿಡಿದುಕೊಂಡಿತು. ಬೇರೆ ಊರಲ್ಲಾಗಿದ್ದರೆ ಬಿದ್ದೀತು ಅಂತ ನಾಲ್ಕು ಜನ ಓಡಿಬರುತ್ತಿದ್ದರು. ಅಲ್ಲಿ ಯಾರೂ ಹಿಡಿಯಲು ಹೋಗಲಿಲ್ಲ. ಹಸೆಯ ಮೇಲೆ ಕೂತಿದ್ದ ಅಜ್ಜಿ ಎಲೆ ಅಡಿಕೆ ಬದಿಗಿಟ್ಟು, "ಗಾಳೆಪ್ಪ ಬಂದ, ನೋಡ್ರವ್ವಾ," ಅಂದಳು. ಅಡಿಗೆಮನೆಯಿಂದ ಹೆಂಗಸರು ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. ಎಲ್ಲರೂ ಆ ತೇಲು ಪೆಟ್ಟಿನಲ್ಲಿ ಚಪ್ಪಾಳೆ ತಟ್ಟತೊಡಗಿದರು, ಒಂದು ಗಳಿಗೆ ಉಸಿರು ಹಿಡಿದು. ಕೂಸಿನ ಕಾಲು ತಡವಾಗಿ, ಸರಿಯಾಗಿ, ಬಂದು ನೆಲದ ಮೇಲೆ ಕೂತಿತು.